ಪೂಜೆಯಾಗದ ಇಟ್ಟಿಗೆ ಚೂರು

ಆಯುಧಪೂಜೆಯ ಹಿಂದಿನ ದಿನ ಸ್ಕೂಟರಿನ ಸೀಟು ಎತ್ತಿ ಡಿಕ್ಕಿ ಖಾಲಿ ಮಾಡುವುದು ನನ್ನ ಪಾಲಿಗೆ ವರ್ಷಕ್ಕೊಮ್ಮೆ ಬರುವ ಪರೀಕ್ಷೆ. ಪರೀಕ್ಷಕರು ನಮ್ಮ ಯಜಮಾನರು. ಜಿಗಣಿಯ ಒಂದು ಕಾರ್ಖಾನೆಯಲ್ಲಿ ಅವರದು ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ವಾಪಸು ಕಳಿಸುವುದಕ್ಕೇ ಅವರಿಗೆ ಸಂಬಳ. ನಿನ್ನೆ ಅವರು ಪೈಪು ಹಿಡಿದು ಸ್ಕೂಟರ್ ತೊಳೆಯುತ್ತಿದ್ದರು, ನಾನು ಡಿಕ್ಕಿಯಿಂದ ಒಂದೊಂದೇ ಹೊರಗೆ ತೆಗೆದು ಕಟ್ಟೆಯ ಮೇಲೆ ಇಡುತ್ತಿದ್ದೆ. ಹರಿದ ರೈನ್‌ಕೋಟು, ಯಾವಾಗಲೋ ಅವಧಿ ಮುಗಿದ ಹೊಗೆ ತಪಾಸಣೆಯ ಚೀಟಿ, ಟೋಪಿಯಿಲ್ಲದ ಮೂರು ಕೆಂಪು ಪೆನ್ನು, ಹಲ್ಲು ಮುರಿದ ಬಾಚಣಿಗೆ. ಕೊನೆಗೆ ಮೂಲೆಯಲ್ಲಿ ಗಂಟು ಹಾಕಿದ ಒಂದು ಕರವಸ್ತ್ರ. ಪ್ರತಿ ವರ್ಷ ಅವರ ಕಣ್ಣು ತಪ್ಪಿಸಿ ಎತ್ತಿಡುತ್ತಿದ್ದೆ, ಈ ಸಲ ಅವರೇ ಬಿಚ್ಚಿದರು: ಬೆಂಕಿಪೊಟ್ಟಣದಷ್ಟು ದೊಡ್ಡ ಇಟ್ಟಿಗೆ ಚೂರು.

“ಏನೇ ಇದು?” ಅಂದರು. “ದಾರೀಲಿ ಯಾರಿಗಾದ್ರೂ ಹೊಡೆಯೋಕೆ ಇಟ್ಕೊಂಡಿದೀಯಾ? ಮೈಲೇಜ್ ಬರ್ತಿಲ್ಲ ಅಂತ ನಾನು ಮೆಕ್ಯಾನಿಕ್ ಜೊತೆ ಜಗಳ ಆಡ್ತಿದ್ರೆ ನೀನು ಇಟ್ಟಿಗೆ ಹೊತ್ಕೊಂಡು ಓಡಾಡ್ತಿದೀಯ.”

“ಎಸೀಬೇಡಿ, ಇಲ್ಲಿ ಕೊಡಿ,” ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಅಷ್ಟರಲ್ಲಿ ಪೈಪಿನ ನೀರು ಚಿಮ್ಮಿ ಚೂರಿನ ಮೇಲೆ ಬಿತ್ತು. ಒಣ ಇಟ್ಟಿಗೆಗೆ ನೀರು ಬಿದ್ದಾಗ ಬರುವ ವಾಸನೆ ನಿಮಗೂ ಗೊತ್ತಿರುತ್ತದೆ. ಮನೆ ಕಟ್ಟಿಸಿದವರಿಗಂತೂ ಚೆನ್ನಾಗಿಯೇ ಗೊತ್ತು. ಅದನ್ನು ಮೂಗಿನ ಹತ್ತಿರ ಹಿಡಿದು ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಯಜಮಾನರು ನನ್ನನ್ನೊಮ್ಮೆ ನೋಡಿ ಚಕ್ರ ತೊಳೆಯತೊಡಗಿದರು.

ಐದು ವರ್ಷದ ಹಿಂದಿನ ಮಾತು. ಆಗ ನಾನು ಜಿಗಣಿಯಿಂದ ಆಚೆ ಒಂದು ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಶಾಲೆಯ ಒಂದು ಕಡೆ ಕಾರ್ಖಾನೆಗಳ ಸಾಲು. ಇನ್ನೊಂದು ಕಡೆ, ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ, ಬಾಡಿಗೆ ಕೋಣೆಗಳ ಸಾಲು. ಕೋಣೆಗಳಲ್ಲಿ ರಾಯಚೂರು, ಯಾದಗಿರಿ, ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ, ಕಾರ್ಖಾನೆ ಕೆಲಸಕ್ಕೆ ಬಂದವರು. ನನ್ನ ತರಗತಿಯಲ್ಲಿ ಬಹುಪಾಲು ಅವರ ಮಕ್ಕಳೇ. ಕೋಣೆಗಳ ಮಾಲೀಕರ ಮಕ್ಕಳು ಕಾನ್ವೆಂಟಿಗೆ ಹೋಗುತ್ತಿದ್ದರು, ಚೇತನ್ ಎಂಬ ಒಬ್ಬನನ್ನು ಬಿಟ್ಟು. ಎರಡು ಕಾನ್ವೆಂಟಿನವರು ಸಾಕಪ್ಪಾ ಸಾಕು ಎಂದು ಕೈಮುಗಿದ ಮೇಲೆ ಅವನ ತಾತ ಅವನನ್ನು ನಮ್ಮಲ್ಲಿಗೆ ತಂದು ಬಿಟ್ಟಿದ್ದರು. “ಇಲ್ಲಾದ್ರೂ ಬಗ್ತಾನಾ ನೋಡಿ ಮೇಡಂ,” ಅಂದಿದ್ದರು. ಬಗ್ಗಿದ್ದು ಯಾರು ಎಂಬುದನ್ನು ಮುಂದೆ ಹೇಳುತ್ತೇನೆ.

ಆ ವರ್ಷದ ಬೇಸಿಗೆಯಲ್ಲಿ ನಮಗೊಂದು ತರಬೇತಿಯಾಗಿತ್ತು. ಮಕ್ಕಳಿಗೆ ಬರವಣಿಗೆಯಲ್ಲಿ ಉತ್ಸಾಹ ಹುಟ್ಟಿಸಬೇಕಾದರೆ ಹಬ್ಬಗಳನ್ನು ಬಳಸಿಕೊಳ್ಳಿ, ಹಬ್ಬ ಎಂದರೆ ಯಾವ ಮಗುವಿಗೆ ಇಷ್ಟವಿಲ್ಲ, ಎಂದು ಒಬ್ಬರು ಎರಡು ಗಂಟೆ ಮಾತನಾಡಿದರು. ಮಿಕ್ಕವರೆಲ್ಲ ಊಟಕ್ಕೆ ಏನಿದೆಯೋ ಎಂದು ಯೋಚಿಸುತ್ತಿದ್ದಾಗ ನಾನೊಬ್ಬಳೇ ಬರೆದುಕೊಂಡೆ. ನನ್ನ ಸ್ವಭಾವವೇ ಹಾಗೆ: ಯಾರಾದರೂ ಹೊಸದು ಹೇಳಿದರೆ ಸಾಕು, ಮಾರನೆಯ ದಿನವೇ ಅದನ್ನು ಮಾಡಿ ಕೈ ಸುಟ್ಟುಕೊಳ್ಳಬೇಕು.

ನಾಗರಪಂಚಮಿಗೆ ತಂಬಿಟ್ಟು ಮಾಡಿಕೊಂಡು ಹೋದೆ. ಮಕ್ಕಳು ತಿಂದರು, ಬೆರಳು ನೆಕ್ಕಿಕೊಂಡರು, ಪುಸ್ತಕ ತೆರೆದು ಬರೆದರು: “ನಾಗರಪಂಚಮಿಯು ಹಿಂದೂಗಳ ಪವಿತ್ರ ಹಬ್ಬವಾಗಿದೆ.” ಮೂವತ್ತನಾಲ್ಕು ಪುಸ್ತಕದಲ್ಲೂ ಅದೇ ವಾಕ್ಯ. ಗಣೇಶನ ಹಬ್ಬಕ್ಕೆ ಬೆಳಗಿನ ಜಾವವೇ ಎದ್ದು ಕಡುಬು ಬೇಯಿಸಿಕೊಂಡು ಹೋದೆ. “ಗಣೇಶನ ಹಬ್ಬವು ಹಿಂದೂಗಳ ಪವಿತ್ರ ಹಬ್ಬವಾಗಿದೆ. ನಾವು ಈ ಹಬ್ಬವನ್ನು ಭಕ್ತಿಯಿಂದ ಆಚರಿಸುತ್ತೇವೆ.” ಹೀಗೆ ಬರೆದವರಲ್ಲಿ ಯಾಸ್ಮಿನ್ ಕೂಡ ಇದ್ದಳು. “ಯಾಸ್ಮಿನ್, ನಿಮ್ಮನೇಲಿ ಗಣೇಶನ್ನ ಕೂರಿಸ್ತೀರಾ?” ಎಂದರೆ, “ಇಲ್ಲ ಮಿಸ್. ಆದ್ರೆ ಹಂಗೇ ಬರೀಬೇಕಲ್ವಾ?” ಎಂದಳು. ಹಾಗೇ ಬರೆಯಬೇಕು ಎಂದು ಹಿಂದಿನ ವರ್ಷ ಕರಿಹಲಗೆಯ ಮೇಲೆ ಬರೆದು, ನೋಡಿ ಬರೆಸಿ, ಬಾಯಿಪಾಠ ಮಾಡಿಸಿದವಳು ನಾನೇ. ಇನ್ನು ಯಾರನ್ನು ಬೈಯಲಿ?

ಚೇತನ್ ಬಾಯಲ್ಲಿ ಇನ್ನೂ ಕಡುಬು ಇಟ್ಟುಕೊಂಡೇ ಕೇಳಿದ್ದ: “ಮಿಸ್, ಕಡುಬು ಮಾಡಿದ್ದೂ ನೀವೇ, ಹಬ್ಬ ಗೊತ್ತಿರೋದೂ ನಿಮ್ಗೇ. ಮತ್ತೆ ನಿಮ್ಗೇ ಯಾಕೆ ಬರ್ದು ತೋರಿಸ್ಬೇಕು?” ಅಧಿಕಪ್ರಸಂಗ ಮಾಡಬೇಡ, ಕೂತ್ಕೊ ಎಂದೆ. ಉತ್ತರ ಗೊತ್ತಿಲ್ಲದಾಗ ನಾವು ಮೇಷ್ಟ್ರುಗಳು ಹೇಳುವ ಮಾತು ಅದು.

ಮೂವತ್ತನಾಲ್ಕು ಪುಸ್ತಕ ಎಂದೆನಲ್ಲ, ತರಗತಿಯಲ್ಲಿ ಮಕ್ಕಳಿದ್ದದ್ದು ಮೂವತ್ತೈದು. ಬರೆಯದೇ ಇದ್ದವಳು ಹುಲಿಗೆಮ್ಮ. ಲಿಂಗಸುಗೂರು ಕಡೆಯವಳು. ಅಪ್ಪ ಸೆಂಟ್ರಿಂಗ್ ಕೆಲಸ, ಅವ್ವ ತಲೆಹೊರೆ ಕೆಲಸ. ಚೇತನ್‌ನ ತಾತ ರಾಗಿ ಹೊಲದಲ್ಲಿ ಕಟ್ಟಿಸುತ್ತಿದ್ದ ನಾಲ್ಕು ಅಂತಸ್ತಿನ ಪಿ.ಜಿ. ಕಟ್ಟಡದಲ್ಲಿ ಇಬ್ಬರಿಗೂ ಕೆಲಸ, ಅಲ್ಲೇ ತಗಡಿನ ಶೆಡ್ಡಿನಲ್ಲಿ ವಾಸ. ಕಟ್ಟಡ ಮುಗಿದಂತೆ ಊರು ಬದಲಾಗುತ್ತಿದ್ದುದರಿಂದ ಈ ಹುಡುಗಿ ಯಾವ ಶಾಲೆಯಲ್ಲೂ ಒಂದು ವರ್ಷ ಪೂರ್ತಿ ಕುಳಿತವಳಲ್ಲ. ವರ್ಗಾವಣೆ ಪತ್ರ ಕೂಡ ಇರಲಿಲ್ಲ. ವಯಸ್ಸು ನೋಡಿ ಐದನೇ ತರಗತಿಗೆ ಸೇರಿಸಿಕೊಂಡಿದ್ದೆವು. ಎಲ್ಲರೂ ನನ್ನನ್ನು ಮಿಸ್ ಎಂದರೆ ಅವಳು ಮಾತ್ರ ತಮ್ಮ ಕಡೆಯಂತೆ ‘ಅಕ್ಕೋರ’ ಎನ್ನುತ್ತಿದ್ದಳು. ಹುಡುಗರು ಅವಳನ್ನು ಹುಲಿ ಎಂದು ಕರೆದು ಗುರ್ ಎನ್ನುತ್ತಿದ್ದರು. ಅವಳು ನಗುತ್ತಲೂ ಇರಲಿಲ್ಲ, ಅಳುತ್ತಲೂ ಇರಲಿಲ್ಲ, ಕಿಟಕಿಯಾಚೆ ಆ ಕಟ್ಟಡದ ಕಡೆ ನೋಡುತ್ತಿದ್ದಳು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಮಧ್ಯಾಹ್ನದ ಊಟವಾದ ಮೇಲೆ ಜೊತೆಯಲ್ಲಿ ಕೂರಿಸಿಕೊಂಡು ನೋಡಿದೆ. ಕೇಳಿದ ಪದಕ್ಕೆ ಅಕ್ಷರ ತೋರಿಸುತ್ತಿದ್ದಳು, ನಿಧಾನವಾಗಿ ಓದುತ್ತಿದ್ದಳು. ಕಾಗದ ಮುಂದಿಟ್ಟರೆ ಮಾತ್ರ ಕೈ ನಿಂತುಹೋಗುತ್ತಿತ್ತು. ಒಂದಕ್ಷರ ಬರೆದು ಅಳಿಸುವಳು, ಮತ್ತೆ ಬರೆದು ಮತ್ತೆ ಅಳಿಸುವಳು. ರಬ್ಬರು ಉಜ್ಜಿ ಉಜ್ಜಿ ಕಾಗದ ತೂತಾದರೆ, ಪುಸ್ತಕ ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟು ಕೂರುವಳು.

“ಯಾಕೆ ಹುಲಿಗೆಮ್ಮ, ತಪ್ಪಾದ್ರೆ ಆಗಲಿ, ಬರಿ,” ಎಂದರೆ, “ಹಾಳಿ ಕೆಡತೈತ್ರಿ ಅಕ್ಕೋರ,” ಎನ್ನುತ್ತಿದ್ದಳು.

ಅವರ ಕಡೆ ಕಾಗದಕ್ಕೆ ಹಾಳಿ ಎನ್ನುತ್ತಾರೆ. ಹಾಳಿ ಕೆಟ್ಟರೆ ಕೆಡಲಿ ಬಿಡು, ಇನ್ನೊಂದು ಕೊಡುತ್ತೇನೆ ಎಂದು ಎಷ್ಟು ಹೇಳಿದರೂ ಅವಳಿಗೆ ಹಿಡಿಸುತ್ತಿರಲಿಲ್ಲ. ಯಾವ ಶಾಲೆಯಲ್ಲಿ ಯಾರು ಅವಳ ಕಾಗದ ಹರಿದು ಬಿಸಾಡಿದ್ದರೋ, ಅವಳು ಹೇಳಲಿಲ್ಲ.

ನಮ್ಮ ಎಚ್.ಎಂ. ಮೇಡಂ ಕೆಟ್ಟವರಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆಗೆ ಒಬ್ಬ ದುಷ್ಟರು ಬೇಕು ಎಂದು ನೀವು ಅವರನ್ನು ಆರಿಸಿಕೊಳ್ಳುತ್ತೀರಿ. ಸೆಪ್ಟೆಂಬರಿನಲ್ಲಿ ಒಂದು ದಿನ ನನ್ನನ್ನು ಕರೆದು ಹೇಳಿದರು: “ನೋಡ್ರೀ, ಆ ಮಗು ಒಂದು ಸಾಲು ಬರೀತಿಲ್ಲ. ಐದನೇ ಕ್ಲಾಸಲ್ಲಿ ಕೂತು ಅವಳಿಗೆ ಏನು ಬಂತು? ಎರಡನೇ ಕ್ಲಾಸಲ್ಲಿ ಕೂರಿಸೋಣ, ಅಲ್ಲಿ ಮೊದಲಿಂದ ಕಲೀಲಿ. ನಾನೇನು ಅವಳ ಶತ್ರುನಾ ಕಣ್ರೀ?”

ಮಾತು ಅವಳ ಮನೆಗೂ ತಲುಪಿತು. ಮಾರನೆಯ ದಿನ ಹತ್ತೂವರೆಗೆ ಹುಲಿಗೆಮ್ಮನ ಅವ್ವ ಕೆಲಸದ ನಡುವೆಯೇ ಬಂದು ಬಾಗಿಲಲ್ಲಿ ನಿಂತಳು. ಕಾಲಿಗೆಲ್ಲ ಸಿಮೆಂಟು, ಸೊಂಟದಲ್ಲಿ ಒಂದು ವರ್ಷದ ಗಂಡುಮಗು, ತಲೆಯ ಮೇಲೆ ಹಸಿರು ಸೀರೆಯ ಹಳೆಯ ತುಂಡನ್ನು ಸುತ್ತಿ ಮಾಡಿದ ಸಿಂಬಿ. ಹೊರೆ ಇಳಿಸಿದ ಮೇಲೂ ಸಿಂಬಿ ತಲೆಯ ಮೇಲೆಯೇ ಇತ್ತು. ಇಳಿಸುವುದನ್ನು ಮರೆತಿದ್ದಳೋ ಏನೋ. ಅದನ್ನು ಕಂಡು ನನಗೆ ಒಳಗೇ ನಗುವೂ ಬಂದಿತ್ತು. ಈಗ ಆ ನಗು ನೆನೆಸಿಕೊಂಡರೆ ನನಗೇ ನಾಚಿಕೆ.

“ಸಣ್ಣ ಹುಡುಗರ ಸಂಗಾಟ ಕುಂದ್ರಸ್ತೀರಂತಲ್ರಿ,” ಅಂದಳು. “ಅಂಗಾದ್ರ ನಾ ಕಳ್ಸಂಗಿಲ್ರಿ. ಅಲ್ಲಿ ಕುಂತು ಅಆ ಅನ್ನೂದ್ರ ಬದ್ಲಿ ಇಲ್ಲಿ ತಮ್ಮನ್ನ ನೋಡ್ಕೊಂತ ಇರ್ತಾಳ. ನನಗರ ಆಸರ ಆಗತೈತಿ.” ಕೋಪವಿರಲಿಲ್ಲ ಆ ಮಾತಿನಲ್ಲಿ. ಮಾತು ಮುಗಿಸಿ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊರಟುಹೋದಳು. ಹುಲಿಗೆಮ್ಮ ಕಿಟಕಿಯಿಂದ ಅವ್ವ ಹೋಗುವುದನ್ನು ಗೇಟಿನ ತನಕ ನೋಡಿದಳು.

ನಾನು ಎಚ್.ಎಂ. ಮೇಡಂ ಹತ್ತಿರ ಹೋಗಿ, ದಸರಾ ರಜೆಗೆ ಬಿಡುವ ದಿನದವರೆಗೆ ಟೈಮ್ ಕೊಡಿ ಎಂದು ಕೇಳಿಕೊಂಡೆ. ಅಷ್ಟರೊಳಗೆ ತಾನೇ ಕೂತು ಒಂದು ಪುಟ ಬರೆದರೆ ಐದನೇ ತರಗತಿ, ಇಲ್ಲದಿದ್ದರೆ ಎರಡನೆಯದು. “ಆಯ್ತು, ಅವತ್ತು ಮಧ್ಯಾಹ್ನ ಎರಡೂವರೆಗೆ ನಾನೇ ಬಂದು ನೋಡ್ತೀನಿ,” ಎಂದರು. ಎರಡನೇ ತರಗತಿ ಎಂದರೆ ಶಾಲೆಯೇ ಇಲ್ಲ ಎಂದು ನನಗೆ ಗೊತ್ತಿತ್ತು, ಹುಲಿಗೆಮ್ಮನಿಗೂ ಗೊತ್ತಿತ್ತು.

ಆಗ ನನ್ನ ತಲೆಗೆ ಹೊಳೆದದ್ದೇ ಆಯುಧಪೂಜೆ. ನಮ್ಮ ಕಡೆ ದೀಪಾವಳಿಗಿಂತ ಆಯುಧಪೂಜೆಯೇ ದೊಡ್ಡದು. ಅವತ್ತು ಕಾರ್ಖಾನೆಯ ಗೇಟು ಹೆಂಡತಿ ಮಕ್ಕಳಿಗೂ ತೆರೆಯುತ್ತದೆ. ಮಷಿನ್ನುಗಳಿಗೆ ಬಾಳೆಕಂದು, ಚೆಂಡುಹೂವಿನ ಹಾರ. ಮಕ್ಕಳು ಅಪ್ಪ ನಿಲ್ಲುವ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಸ್ವೀಟ್ ಬಾಕ್ಸ್ ಹಿಡಿದು ಬರುತ್ತಾರೆ. ಇಂಥ ಹಬ್ಬದ ಬಗ್ಗೆ ಬರೆಯದೆ ಇರಲು ಯಾವ ಮಗುವಿಗೆ ಸಾಧ್ಯ? ರಜೆಗೆ ಬಿಡುವ ದಿನ ಬೆಳಿಗ್ಗೆ ನಮ್ಮ ಆಯುಧಗಳಾದ ಪೆನ್ಸಿಲು ಪೆನ್ನುಗಳಿಗೆ ಪೂಜೆ, ಮಧ್ಯಾಹ್ನ ಅವುಗಳಿಂದಲೇ ಬರವಣಿಗೆ, ವಿಷಯ ‘ನಮ್ಮ ಮನೆಯ ಆಯುಧ’. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಉತ್ಸಾಹ ಹೆಚ್ಚಾಯಿತು ನೋಡಿ. ನಮ್ಮ ತರಗತಿಯದು ಮಾತ್ರ ಏಕೆ ಎಂದು ಹಿತ್ತಾಳೆ ತಟ್ಟೆ ಹಿಡಿದು ತರಗತಿ ತರಗತಿಗೂ ಹೋದೆ. ಇಡೀ ಶಾಲೆಯ ಪೆನ್ಸಿಲು, ಪೆನ್ನು, ಬಳಪ, ಸ್ಲೇಟು, ಸೀಮೆಸುಣ್ಣದ ಡಬ್ಬಿ, ಡಸ್ಟರು, ಕೊನೆಗೆ ಎಚ್.ಎಂ. ಮೇಡಂ ಸಹಿ ಹಾಕುವ ಹಸಿರು ಪೆನ್ನು ಕೂಡ ತಟ್ಟೆಗೆ ಬಂದವು. “ನಂದೂ ಇಡಿ ಮಿಸ್,” ಎಂದು ಯಾಸ್ಮಿನ್ ಎರಡು ಪೆನ್ಸಿಲ್ ಕೊಟ್ಟಳು. ಹುಲಿಗೆಮ್ಮ ನಾನು ಕೊಟ್ಟಿದ್ದ ಹೊಸ ಪೆನ್ಸಿಲನ್ನು ಲಂಗದ ಅಂಚಿನಿಂದ ಒರೆಸಿ ಇಟ್ಟಳು. ಅರಿಶಿನ, ಕುಂಕುಮ, ಚೆಂಡುಹೂವು, ಕರ್ಪೂರ ಎಲ್ಲ ಆಯಿತು. ಕಡ್ಲೆಪುರಿ, ಬಾಳೆಹಣ್ಣು ಹಂಚಿದ್ದಾಯಿತು. ಊಟವಾಯಿತು. ಎರಡು ಗಂಟೆಗೆ ಕೈ ತಟ್ಟಿ, “ಹಾ, ಈಗ ಎಲ್ಲರೂ ನಿಮ್ಮ ನಿಮ್ಮ ಪೆನ್ಸಿಲ್ ತಗೊಂಡು ಬರೆಯೋಕೆ ಶುರು ಮಾಡಿ,” ಎಂದೆ.

ಒಬ್ಬರೂ ಏಳಲಿಲ್ಲ. ಮೂವತ್ತೈದು ಜೊತೆ ಕಣ್ಣು ನನ್ನನ್ನೇ ನೋಡುತ್ತಿದ್ದವು.

“ಮಿಸ್,” ಎಂದ ಚೇತನ್. ಅಷ್ಟು ಮೆಲ್ಲಗೆ ಅವನು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. “ಪೂಜೆ ಆಗೋಗಿದೆ. ಇವತ್ತು ಮುಟ್ಟಂಗಿಲ್ಲ. ನಮ್ ತಾತ ಪೂಜೆ ಆದ್ಮೇಲೆ ನೀರಿನ ಟ್ಯಾಂಕರ್ ಕೀನೇ ಮುಟ್ಟಲ್ಲ, ಯಾರು ಎಷ್ಟು ಫೋನ್ ಮಾಡಿದ್ರೂ.”

ನಾನು ಎಲ್ಲಿಂದಲೋ ಬಂದವಳಾಗಿದ್ದರೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾನು ಇದೇ ಆನೇಕಲ್ ಕಡೆಯವಳು. ಚಿಕ್ಕಂದಿನಲ್ಲಿ ನಾವು ಅಣ್ಣತಮ್ಮ ಅಕ್ಕತಂಗಿಯರು ದಸರಾ ಬಂತೆಂದರೆ ಲೆಕ್ಕದ ಪುಸ್ತಕವನ್ನೇ ಎಲ್ಲಕ್ಕಿಂತ ಮೊದಲು ಪೂಜೆಗೆ ಇಡುತ್ತಿದ್ದೆವು, ಆಮೇಲೆ ಯಾರೂ ಓದು ಎನ್ನುವ ಹಾಗಿಲ್ಲವಲ್ಲ. “ಪುಸ್ತಕ ಮುಟ್ಟಬ್ಯಾಡ್ರೋ, ಪೂಜೆಗೆ ಇಕ್ಕಿವ್ನಿ,” ಎಂದು ನಮ್ಮಮ್ಮ ಕೂಗುತ್ತಿದ್ದುದು, ನಾವು ಪಾಪದ ಮುಖ ಮಾಡಿಕೊಂಡು ಬೀದಿಗೆ ಓಡುತ್ತಿದ್ದುದು ಎಲ್ಲವೂ ಒಟ್ಟಿಗೆ ನೆನಪಾಯಿತು. ಅಷ್ಟು ವರ್ಷ ಅದೇ ನೆಪದಲ್ಲಿ ಆಟವಾಡಿದವಳು, ಇವತ್ತು ಇಡೀ ಶಾಲೆಯಲ್ಲಿ ಒಂದೇ ಒಂದು ಪೆನ್ಸಿಲ್ ಉಳಿಯದ ಹಾಗೆ ನನ್ನ ಕೈಯಾರೆ ಬಳಿದು ತಂದು ಪೂಜೆ ಮಾಡಿ ಮುಗಿಸಿದ್ದೆ. ಅದೂ ಈ ಒಂದು ದಿನ. ಎರಡೂವರೆಗೆ ಎಚ್.ಎಂ. ಮೇಡಂ ಬರುತ್ತಾರೆ.

“ಪರವಾಗಿಲ್ಲ, ಸರಸ್ವತಿ ಏನೂ ಅಂದ್ಕೊಳ್ಳಲ್ಲ, ತಗೊಳ್ಳಿ,” ಎಂದೆ.

“ಫಸ್ಟು ನೀವು ತಗೊಳ್ಳಿ ಮಿಸ್,” ಎಂದ ಚೇತನ್.

ಕೈ ಚಾಚಿದೆ. ಕುಂಕುಮ ಹಚ್ಚಿದ ಹುಲಿಗೆಮ್ಮನ ಪೆನ್ಸಿಲ್ ಎಲ್ಲಕ್ಕಿಂತ ಮೇಲೆಯೇ ಇತ್ತು, ಅದರ ಮೇಲೊಂದು ಹೂವಿನ ಎಸಳು. ನಾನೇನು ಅಂಥ ದೊಡ್ಡ ಭಕ್ತೆಯಲ್ಲ. ವಾರಕ್ಕೊಮ್ಮೆ ದೇವರ ದೀಪ ಹಚ್ಚಿದರೆ ಹೆಚ್ಚು. ಆದರೂ ನೀವು ನಂಬಬೇಕು, ನನ್ನ ಕೈ ಹೋಗಲಿಲ್ಲ. ಬಗ್ಗಿದ್ದು ಯಾರು ಎಂದು ಹೇಳುತ್ತೇನೆ ಎಂದಿದ್ದೆನಲ್ಲ, ನಾನೇ.

ಕುರ್ಚಿಯಲ್ಲಿ ಕುಳಿತೆ. ಒಂದು ಮಗುವಿನ ಶಾಲೆಯನ್ನು ನಾನೇ ನಿಲ್ಲಿಸಿಬಿಟ್ಟಿದ್ದೆ. ಹುಲಿಗೆಮ್ಮನ ಮುಖ ನೋಡಲು ಧೈರ್ಯವಾಗದೆ ಮೇಜಿನ ಮೇಲಿನ ಕಡ್ಲೆಪುರಿ ಕಾಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ತಲೆಯೆತ್ತಿದರೆ ಅವಳ ಜಾಗ ಖಾಲಿ. ಮನೆಗೆ ಹೋಗಿರಬೇಕು ಎಂದುಕೊಂಡೆ. ತಮ್ಮನನ್ನು ನೋಡಿಕೊಳ್ಳಲು. ಅಷ್ಟರಲ್ಲಿ ಹೊರಗಿನಿಂದ ಕರ್ ಕರ್ ಎಂದು ಏನೋ ಕೆರೆಯುವ ಸದ್ದು ಕೇಳಿಸಿತು.

ನಮ್ಮ ಶಾಲೆಯ ಮುಂದೆ ಉದ್ದಕ್ಕೂ ಒಂದು ಜಗಲಿ, ಐದನೇ ತರಗತಿಯ ಬಾಗಿಲಿನಿಂದ ಎಚ್.ಎಂ. ಕೊಠಡಿಯ ಬಾಗಿಲಿನವರೆಗೆ, ಮೇಲೆ ತಗಡಿನ ಸೂರು, ಕೆಳಗೆ ನುಣುಪಾದ ಸಿಮೆಂಟಿನ ನೆಲ. ಅಲ್ಲಿ ಹುಲಿಗೆಮ್ಮ ಸೊಂಟ ಬಗ್ಗಿಸಿ ನಿಂತಿದ್ದಳು. ಕಾಂಪೌಂಡ್ ರಿಪೇರಿಗೆ ತಂದು ಹಾಕಿದ್ದ ರಾಶಿಯಿಂದ ಆರಿಸಿಕೊಂಡ ಒಂದು ಇಟ್ಟಿಗೆ ಚೂರು ಅವಳ ಕೈಯಲ್ಲಿತ್ತು. ಗೇಣುದ್ದದ ಅಕ್ಷರಗಳು. ಒಂದು ಸಾಲು ಆಗಲೇ ಆಗಿತ್ತು. ನನ್ನ ನೆರಳು ಬಿದ್ದದ್ದು ಕಂಡು ತಲೆಯೆತ್ತಿದಳು.

“ಇದಕ್ಕ ಪೂಜಾ ಆಗಿಲ್ಲಲ್ರಿ ಅಕ್ಕೋರ,” ಎಂದಳು. ಅನುಮತಿ ಕೇಳಿದಳೋ, ನನಗೆ ಸಮಾಧಾನ ಹೇಳಿದಳೋ ಗೊತ್ತಾಗಲಿಲ್ಲ. ತಲೆಯಾಡಿಸಿದೆ.

ಅವಳು ಮತ್ತೆ ಬಗ್ಗಿದಳು. ಬರೆಯುತ್ತಾ ಬರೆಯುತ್ತಾ ಹಿಂದಕ್ಕೆ ಹಿಂದಕ್ಕೆ ಸರಿಯುತ್ತಿದ್ದಳು, ತಾನು ಬರೆದದ್ದನ್ನು ತಾನೇ ತುಳಿಯದ ಹಾಗೆ. ತಪ್ಪಾದ ಕಡೆ ಅಂಗೈಯಿಂದ ಒಂದು ಸಲ ಒರೆಸಿ ಮುಂದೆ ಹೋಗುವಳು. ಅಲ್ಲಿ ಹರಿಯಲು ಕಾಗದವೇ ಇರಲಿಲ್ಲ. ಚೂರು ಸವೆದರೆ ಓಡಿಹೋಗಿ ಇನ್ನೊಂದನ್ನು ತರುವಳು. ಮಕ್ಕಳೆಲ್ಲ ಬಂದು ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತರು. ಅಕ್ಷರ ಒಂದೊಂದು ಮೂಡಿದ ಹಾಗೆ ಯಾರೋ ಮೆಲ್ಲಗೆ ಓದಿದರು, ಮಿಕ್ಕವರೂ ಸೇರಿಕೊಂಡರು. ಹದಿನೈದು ವರ್ಷ ಪಾಠ ಹೇಳಿದ್ದೆ ನಾನು ಆಗಲೇ. ಒಂದು ಮಗು ಬರೆಯುವುದನ್ನು ಅಷ್ಟು ದಿನ ನೋಡಿಯೇ ಇರಲಿಲ್ಲ ಅನ್ನಿಸಿತು. ಅವಳು ಬರೆದದ್ದು ಇದು. ಅವಳ ಮಾತಿನಲ್ಲೇ ಕೊಡುತ್ತೇನೆ, ಐದು ವರ್ಷವಾದರೂ ಒಂದಕ್ಷರ ಮರೆತಿಲ್ಲ.

“ಹ್ವಾದ ವರ್ಸ ನಾವು ಬ್ಯಾರೆ ಕಡಿ ಇದ್ವಿ. ಆಯುಧ ಪೂಜಾ ದಿನ ಮೇಸ್ತ್ರಿ ಮಷಿನ್ನಿಗೆ ಹಾರ ಹಾಕಿದ. ಕರಣಿಗೆ ಕುಂಕುಮ ಹಚ್ಚಿದ. ಸಲಿಕಿಗೆ ಹಚ್ಚಿದ. ನಮ್ಮಪ್ಪನ ಸುತ್ತಿಗಿಗೆ ಹಚ್ಚಿದ. ನಮ್ಮವ್ವನ ಸಿಂಬಿಗೆ ಯಾರೂ ಹಚ್ಚಲಿಲ್ಲ. ನಾ ಹಚ್ಚಿದೆ. ಮಧ್ಯಾಹ್ನ ಇಟ್ಟಿಗಿ ಲಾರಿ ಬಂತು. ಮೇಸ್ತ್ರಿ ನಮ್ಮವ್ವನ್ನ ಕರದ. ನಮ್ಮವ್ವ ಸಿಂಬಿ ತೊಗೊಂಡ್ಲು. ನಾ ಅಂದೆ ಅದಕ್ಕ ಪೂಜಾ ಆಗೇತಿ ಮುಟ್ಟಬಾರದು. ಮೇಸ್ತ್ರಿ ನಿಂತ. ಕುಂಕುಮ ನೋಡಿದ. ಹ್ವಾದ. ನಮ್ಮವ್ವ ಕುಂತ್ಲು. ಅವತ್ತ ಅಕಿ ತಲಿ ಮ್ಯಾಲ ಏನೂ ಇರ್ಲಿಲ್ಲ. ಅಕಿ ನನ್ನ ತಲಿ ಬಾಚಿದ್ಲು. ಸಂಜಿ ತನಕ ಬಾಚಿದ್ಲು.”

ಕೊನೆಯ ಅಕ್ಷರ ಬರೆಯುವಾಗ ಅವಳ ಬೆನ್ನು ಎಚ್.ಎಂ. ಕೊಠಡಿಯ ಬಾಗಿಲಿಗೆ ತಾಗಿತು. ಬಾಗಿಲು ತೆರೆಯಿತು. ಎರಡೂವರೆಯಾಗಿತ್ತು.

ಎಚ್.ಎಂ. ಮೇಡಂ ಒಂದು ಕಾಲು ಹೊರಗಿಟ್ಟವರು ಅಕ್ಷರ ಕಂಡು ಅದನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು. ಅಕ್ಷರ ತುಳಿಯಬಾರದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಗದಕ್ಕೆ ಕಾಲು ತಗುಲಿದರೆ ಕಣ್ಣಿಗೊತ್ತಿಕೊಳ್ಳುವ ನಮ್ಮ ನಿಮ್ಮಂಥವರೇ ಅವರು. ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದು, ಗೋಡೆಯ ಅಂಚಿನಲ್ಲಿ ಅಡ್ಡಡ್ಡ ಹೆಜ್ಜೆ ಇಡುತ್ತಾ ನಮ್ಮ ಬಾಗಿಲ ತನಕ ಬಂದರು. ಅವರದು ಸ್ವಲ್ಪ ದಪ್ಪ ಮೈ, ಮಂಡಿನೋವು ಬೇರೆ. ಬೇರೆ ದಿನವಾಗಿದ್ದರೆ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು. ಅವತ್ತು ಯಾರೂ ನಗಲಿಲ್ಲ.

ಮೊದಲಿನಿಂದ ಓದಿದರು. ಸುತ್ತಿಗೆಯವರೆಗೆ ಗಟ್ಟಿಯಾಗಿ, ಸಿಂಬಿಯ ಹತ್ತಿರ ಬರುವಷ್ಟರಲ್ಲಿ ತುಟಿಯಲ್ಲೇ, ಆಮೇಲೆ ಬರೀ ಕಣ್ಣಿನಿಂದ. ಹಾಗೇ ಓದುತ್ತಾ ಗೋಡೆಯ ಅಂಚಿನಲ್ಲೇ ಮರಳಿ ಕೊನೆಯ ಸಾಲಿನ ಹತ್ತಿರ ಬಂದು ನಿಂತರು. ಅಲ್ಲೇ ಬಾಗಿಲ ಪಕ್ಕ ಹುಲಿಗೆಮ್ಮ ಎರಡೂ ಕೈ ಹಿಂದೆ ಕಟ್ಟಿಕೊಂಡು, ಕೆಂಪಾದ ಅಂಗೈ ಮುಚ್ಚಿಕೊಂಡು ನಿಂತಿದ್ದಳು.

“ನಿಮ್ಮಮ್ಮ ಈಗೆಲ್ಲಿದ್ದಾರಮ್ಮ?” ಎಂದು ಕೇಳಿದರು.

“ಮೂರನೇ ಸ್ಲ್ಯಾಬ್ ಮ್ಯಾಲ ಅದಾಳ್ರಿ,” ಎಂದು ಹುಲಿಗೆಮ್ಮ ಕಟ್ಟಡದ ಕಡೆ ಕೈ ತೋರಿಸಿದಳು. ಮೇಡಂ ಆ ಕಡೆ ನೋಡಿದರು, ನಾವೂ ನೋಡಿದೆವು. ಸಾಲಾಗಿ ನಡೆಯುತ್ತಿದ್ದ ಹೆಂಗಸರಲ್ಲಿ ಅವಳ ಅವ್ವ ಯಾರೋ ತಿಳಿಯಲಿಲ್ಲ. ಎಲ್ಲರ ತಲೆಯ ಮೇಲೂ ಏನಾದರೊಂದು ಇತ್ತು.

“ರಜೆ ಮುಗಿಸ್ಕೊಂಡು ಬಂದು ಐದನೇ ಕ್ಲಾಸಲ್ಲೇ ಕೂತ್ಕೊ,” ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, ಕಣ್ಣೊರೆಸಿಕೊಂಡದ್ದು ಕಾಣದಿರಲಿ ಎಂದು ಗದರುವ ದನಿ ಮಾಡಿ, “ಒಂದು ಪುಟ ಅಂದಿದ್ದೆ ನಾನು. ಇದನ್ನ ಯಾವ ಫೈಲಲ್ಲಿ ಇಡ್ಲಿ ಹೇಳ್ರೀ?” ಎಂದರು.

ನಾಲ್ಕು ಗಂಟೆಗೆ ಬೆಲ್ ಹೊಡೆಯಿತು. ರಜೆಯ ಬೆಲ್ಲು, ಬೇರೆ ದಿನವೇ ಕಟ್ಟೆ ಒಡೆದು ನುಗ್ಗುವ ಮಕ್ಕಳು. ಅವತ್ತು ಜಗಲಿಯ ಮೇಲೆ ಒಬ್ಬರೂ ಓಡಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ಒಬ್ಬರ ಹಿಂದೊಬ್ಬರು ಬಂದು ಮೆಟ್ಟಿಲು ಇಳಿದರು. ಒಂದನೇ ತರಗತಿಯ ಪುಟಾಣಿಗಳನ್ನು ಏಳನೇ ತರಗತಿಯವರು ಎತ್ತಿಕೊಂಡು ದಾಟಿಸಿದರು. ಯಾರೂ ಹೇಳಿರಲಿಲ್ಲ. ಇಡೀ ಶಾಲೆ ಹೊರಗೆ ಹೋದ ಮೇಲೆ ನೋಡಿದೆ, ಒಂದು ದೀರ್ಘ ಕೂಡ ಅಳಿಸಿರಲಿಲ್ಲ. ಚೇತನ್ ಕೊನೆಗೆ ಉಳಿದಿದ್ದ. “ಮಿಸ್, ಇದು ನಿಮ್ಗೆ ಗೊತ್ತಿರ್ಲಿಲ್ಲ ಅಲ್ವಾ?” ಎಂದ. ಇಲ್ಲ ಕಣೋ, ಗೊತ್ತಿರಲಿಲ್ಲ ಎಂದೆ. ಕಡುಬಿನ ದಿನ ಅವನು ಕೇಳಿದ್ದಕ್ಕೆ ಉತ್ತರ ಅಲ್ಲೇ ಇತ್ತು, ನಮ್ಮಿಬ್ಬರ ಕಾಲ ಬುಡದಲ್ಲಿ. ಅವನು ಹೋದ ಮೇಲೆ ಹುಲಿಗೆಮ್ಮ ಬಾಗಿಲ ಪಕ್ಕ ಬಿಟ್ಟುಹೋಗಿದ್ದ ಚೂರನ್ನು ಎತ್ತಿ ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ರಜೆಯ ನಂತರ ಅವಳು ಬಂದಳು, ಮೊದಲ ಸಲ ಕಾಗದದ ಮೇಲೂ ಬರೆದಳು. ತಪ್ಪಾದ ಕಡೆ ರಬ್ಬರು ಹಾಕದೆ ಅಡ್ಡಗೆರೆ ಎಳೆದು ಮುಂದೆ ಹೋಗುವುದನ್ನು ಕಲಿತಳು. ಮಾರ್ಚಿನಲ್ಲಿ ಕಟ್ಟಡ ಮುಗಿಯಿತು. ಈ ಸಲ ವರ್ಗಾವಣೆ ಪತ್ರ ತೆಗೆದುಕೊಂಡೇ ಹೋದರು, ಅದರಲ್ಲಿ ಎಚ್.ಎಂ. ಮೇಡಂ ಹಸಿರು ಪೆನ್ನಿನಿಂದ ‘ಐದನೇ ತರಗತಿ’ ಎಂದು ತಾವೇ ಬರೆದಿದ್ದರು. ಈಗ ಎಲ್ಲಿದ್ದಾಳೋ, ಹತ್ತನೇ ತರಗತಿಯಲ್ಲಿರಬೇಕು. ಆ ಕಡೆ ಹೋದಾಗಲೆಲ್ಲ ಪಿ.ಜಿ. ಕಟ್ಟಡದ ಮೂರನೇ ಮಹಡಿಯಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡುತ್ತೇನೆ, ಆ ಇಟ್ಟಿಗೆಗಳನ್ನು ಹೊತ್ತ ತಲೆ ನೆನಪಾಗುತ್ತದೆ.

ಇವತ್ತು ಆಯುಧಪೂಜೆ. ಬೆಳಿಗ್ಗೆ ಎದ್ದವಳೇ ಸ್ನಾನ ಮಾಡಿ, ಮೊದಲು ಗ್ಯಾಸ್ ಒಲೆಗೆ ಕುಂಕುಮ ಹಚ್ಚಿ ಹೂವಿಟ್ಟೆ. ಆಮೇಲೆ ಮಿಕ್ಸಿಗೆ, ಕುಕ್ಕರಿಗೆ, ಸೌಟಿಗೆ, ಲಟ್ಟಣಿಗೆಗೆ. ಯಜಮಾನರು ಸ್ಕೂಟರಿಗೆ ಹಾರ ಹಾಕಿ, ಕಾಫಿಗೆಂದು ಒಳಗೆ ಬಂದರು.

“ಇಷ್ಟು ಬೇಗ ಒಲೆ ಪೂಜೆ ಮಾಡಿಬಿಟ್ಯಾ? ಹಬ್ಬದ ಅಡುಗೆ?”

“ಪೂಜೆ ಆಗಿದೆ,” ಎಂದೆ. “ಮುಟ್ಟಬಾರದು.”

ನಿಂತರು. ಕುಂಕುಮ ನೋಡಿದರು. ಚೀಲ ತೆಗೆದುಕೊಂಡು ಹೋಟೆಲಿನ ಕಡೆ ಹೋದರು. ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಹಬ್ಬದ ದಿನ ಹಗಲು ಹೊತ್ತು ನಾನು ಸುಮ್ಮನೆ ಕುಳಿತದ್ದು ಇದೇ ಮೊದಲು. ಕಟ್ಟೆಯ ಮೇಲೆ ಕೂತು, ಹಲ್ಲು ಮುರಿದ ಆ ಬಾಚಣಿಗೆಯಿಂದಲೇ ತಲೆ ಬಾಚಿಕೊಂಡೆ.

ಕುಂಕುಮದ ಬಟ್ಟಲು ಇನ್ನೂ ಕೈಯಲ್ಲೇ ಇತ್ತು, ಪಕ್ಕದಲ್ಲಿ ಇಟ್ಟಿಗೆ ಚೂರು. ಬೆರಳು ಬಟ್ಟಲಿಗೆ ಅದ್ದಿದವಳು ಹಾಗೇ ತಡೆದೆ. ಅದೊಂದಕ್ಕೆ ಕುಂಕುಮ ಇಡಲಿಲ್ಲ. ಮತ್ತೆ ಕರವಸ್ತ್ರದಲ್ಲಿ ಸುತ್ತಿ, ನಾಳೆ ಡಿಕ್ಕಿಗೆ ಹಾಕಲೆಂದು ಕಟ್ಟೆಯ ಮೇಲಿಟ್ಟೆ. ಯಾರಿಗಾದರೂ ಬರೆಯಬೇಕು ಅನ್ನಿಸಿದಾಗ ಪೂಜೆಯಾಗದ್ದು ಒಂದಾದರೂ ಇರಬೇಕು.